ಚಕ್ಕುಬಂದಿಯೂ ಅಕ್ಷಾಂಶವೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ಣಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಗಳೆಂಬುದು ಸರ್ವವಿದಿತ. ವೈದ್ಯಶಾಸ್ತ್ರಕಾರರು ಭೂಮಿಯನ್ನು ಆನೂಪ, ಜಾಂಗಲ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸಿ, ನೀರೂ ಮರವೂ ವಿರಳವಾಗಿ ಬಯಲೇ ಹೆಚ್ಚಾಗಿರುವುದನ್ನು ಜಾಂಗಲವೆಂದು ಹೆಸರಿಸಿದ್ದಾರೆ. ಈ ಸೀಮೆಯನ್ನು ಮರುಭೂಮಿಯೆನ್ನಲಾಗದು. ಜಾಂಗಲದೇಶದ ಲಕ್ಷಣಗಳಾದರೋ ಎಲ್ಲವೂ ಇಲ್ಲಿ ಉಂಟು. ಬೇಸಗೆಯಲ್ಲಿ ಹುಲ್ಲು ಒಣಗಿ ನೆಲವೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗುವಾಗ, ಬಳ್ಳಾರಿ ಜಾಲಿಯ ಪೊದೆಗಳು ಕಾಲುದಾರಿಗಳನ್ನು ಮುಚ್ಚಿಕೊಂಡಿರುವಾಗ, ನಡೆಯುವವನಿಗೆ ಮೊದಲು ಏಳುವ ಪ್ರಶ್ನೆ ಒಂದೇ: ತಾನು ಈಗ ಎಲ್ಲಿರುವೆನು?

ಈ ಪ್ರಶ್ನೆಗೆ ಮನುಷ್ಯನು ಎರಡು ವಿಧವಾಗಿ ಉತ್ತರ ಹೇಳುತ್ತ ಬಂದಿದ್ದಾನೆ. ಸುತ್ತಲಿನ ನೆರೆಯನ್ನು ಹೇಳುವುದು ಒಂದು. ಅದು ಚಕ್ಕುಬಂದಿಯ ಮಾರ್ಗ. ಭೂಗೋಲದ ಮೇಲೆ ಅಂಶ, ಕಲೆ, ವಿಕಲೆಗಳ ಲೆಕ್ಕವನ್ನು ಹೇಳುವುದು ಮತ್ತೊಂದು; ಅದು ಗಣಿತದ ಮಾರ್ಗ. ಈಚಿನ ದಿನಗಳಲ್ಲಿ ಅಂಗೈಯಗಲದ ಜಿ.ಪಿ.ಎಸ್. ಯಂತ್ರವು ಎರಡನೆಯ ಉತ್ತರವನ್ನು ಯಾರಿಗೆ ಬೇಕಾದರೂ ಕ್ಷಣಾರ್ಧದಲ್ಲಿ ಕೊಡುವಂತಾಗಿದೆ. ಈ ಎರಡು ಮಾರ್ಗಗಳಿಗೂ ಈ ಎರಡು ತಾಲ್ಲೂಕುಗಳಲ್ಲಿಯೇ ಚರಿತ್ರೆಯುಂಟು. ಆ ಚರಿತ್ರೆಯನ್ನು ಅರಿತವನ ಕೈಯಲ್ಲಿ ಯಂತ್ರವು ಹೆಚ್ಚು ಉಪಯೋಗಕ್ಕೆ ಬರುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಧರ್ಮಲಿಪಿಗಳು ಬಂಡೆಗಳ ಮೇಲೆ ಕೆತ್ತಲ್ಪಟ್ಟಿವೆ. ಬಿ. ಎಲ್. ರೈಸ್ ಅವರು ೧೮೯೨ ರಲ್ಲಿ ಇವನ್ನು ಕಂಡುಹಿಡಿದು ವಿದ್ವಲ್ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲವನ್ನು ಕೇಳಿ ಕಳುಹಿಸಿದ ಆಜ್ಞೆ ಇದೆಂದು ಲಿಪಿಯ ಆರಂಭದಿಂದ ತಿಳಿಯುತ್ತದೆ. ಲಿಪಿಯನ್ನು ಬರೆದವನು ಚಪಡನೆಂಬವನು. ತನ್ನ ಕಸುಬನ್ನು ಹೇಳುವ ಕಡೆಯ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠೀ ಅಕ್ಷರಗಳಲ್ಲಿ ಬರೆದನು. ಅಷ್ಟು ದೂರದ ವಿದ್ಯೆಯನ್ನು ಕಲಿತವನೊಬ್ಬನು, ಇಂದು ಕುರಿ ಮೇಯುವ ಈ ಬಂಡೆಗಳ ಬಳಿಗೆ ದಾರಿ ತಪ್ಪದೆ ಬಂದನೆಂಬುದು ಆಗಿನ ಮಾರ್ಗಜ್ಞಾನಕ್ಕೆ ಸಾಕ್ಷಿಯಾಗಿದೆ.

ಆ ಲಿಪಿಯಲ್ಲಿ ಊರಿನ ಹೆಸರುಂಟು, ಊರಿನ ಸ್ಥಾನವಿಲ್ಲ. ಇಸಿಲವೆಂದರೆ ಯಾವುದೆಂದು ಅಂದಿನ ಓದುಗರಿಗೆ ಹೇಳಬೇಕಾಗಿರಲಿಲ್ಲ. ಕಾಲಾಂತರದಲ್ಲಿ ಊರು ಹಾಳಾಯಿತು. ಹೆಸರು ಬಂಡೆಯ ಮೇಲೆ ಉಳಿಯಿತು, ಜನರ ಬಾಯಿಂದ ಅಳಿಯಿತು. ಮೈಸೂರು ಪ್ರಾಕ್ತನ ಇಲಾಖೆಯ ಡಾಕ್ಟರ್ ಎಂ. ಹೆಚ್. ಕೃಷ್ಣ ಅವರೂ, ತರುವಾಯ ೧೯೪೭ ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಬ್ರಹ್ಮಗಿರಿಯ ತಪ್ಪಲಲ್ಲಿ ನೆಲವನ್ನು ಅಗೆಯಿಸಿ ಪ್ರಾಚೀನ ಜನವಸತಿಯ ಕುರುಹುಗಳನ್ನು ಹೊರತೆಗೆದ ಮೇಲೆಯೇ ಇಸಿಲವು ಇಲ್ಲಿಯೇ ಇತ್ತೆಂಬ ಮಾತಿಗೆ ಬಲ ಬಂದಿತು. ಆಜ್ಞೆಯು ಹೊರಟ ಸುವರ್ಣಗಿರಿಯ ವಿಷಯದಲ್ಲಾದರೋ ವಿದ್ವಾಂಸರು ಇಂದಿಗೂ ಏಕಾಭಿಪ್ರಾಯಕ್ಕೆ ಬಂದಿಲ್ಲ; ಕನಕಗಿರಿಯೆಂದು ಕೆಲವರೂ ಜೊನ್ನಗಿರಿಯೆಂದು ಕೆಲವರೂ ವಾದಿಸುವರು. ಸ್ಥಾನವನ್ನು ಬರೆದಿಡದ ಹೆಸರಿಗೆ ಒದಗುವ ಗತಿ ಇದು.

ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಸ್ಥಾನವನ್ನು ಹೇಳುವ ಕ್ರಮವು ಬೆಳೆಯಿತು. ಕೊಟ್ಟ ಭೂಮಿಗೆ ಮೂಡಲು ಯಾವ ಹುಣಿಸೆಯ ಮರ, ತೆಂಕಲು ಯಾವ ಹುತ್ತ, ಪಡುವಲು ಯಾವ ಹಳ್ಳ, ಬಡಗಲು ಯಾರ ಹೊಲ ಎಂದು ನಾಲ್ಕು ದಿಕ್ಕಿನ ಎಲ್ಲೆಯನ್ನು ಕೆತ್ತಿಸುತ್ತಿದ್ದರು. ಇಂದಿಗೂ ಕ್ರಯಪತ್ರಗಳಲ್ಲಿ ಚಕ್ಕುಬಂದಿಯೆಂಬ ಹೆಸರಿನಿಂದ ಆ ಕ್ರಮವೇ ನಡೆದಿದೆ. ಇದರ ಗುಣವೇನೆಂದರೆ, ಓದಿದೊಡನೆ ನೆಲದ ಸುತ್ತಣ ಜೀವನವೇ ಕಣ್ಣಿಗೆ ಕಟ್ಟುತ್ತದೆ: ನೆರೆಯವನು ಯಾರು, ನೀರು ಎತ್ತ ಹರಿಯುತ್ತದೆ, ಬಂಡಿಯ ದಾರಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಇದರ ದೋಷವೂ ಸ್ಪಷ್ಟವೇ. ಮರ ಬಿದ್ದರೆ, ಹುತ್ತ ಕರಗಿದರೆ, ನೆರೆಯವನು ಹೊಲವನ್ನು ಮಾರಿದರೆ ಎಲ್ಲೆಯೇ ಕೆಡುವುದು.

ಗಣಿತದ ಮಾರ್ಗವೂ ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಸಿದ್ಧಾಂತ ಗ್ರಂಥಗಳ ತ್ರಿಪ್ರಶ್ನಾಧಿಕಾರದಲ್ಲಿ ದಿಕ್ಕು, ದೇಶ, ಕಾಲಗಳನ್ನು ಕಂಡುಹಿಡಿಯುವ ಉಪಾಯವೇ ವಿಷಯ. ವಿಷುವ ದಿನದ ಮಧ್ಯಾಹ್ನದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ಸಮನೆಲದಲ್ಲಿ ನಿಲ್ಲಿಸಿ ಅದರ ನೆರಳನ್ನು ಅಳೆದರೆ ಪಲಭೆ ಸಿಕ್ಕುವುದು. ಪಲಭೆಯಿಂದ ಅಕ್ಷಾಂಶವನ್ನು ಸಾಧಿಸಬಹುದು. ರಾತ್ರಿಯಲ್ಲಿ ಧ್ರುವನು ದಿಗಂತದ ಮೇಲೆ ಎಷ್ಟು ಅಂಶ ಎತ್ತರದಲ್ಲಿರುವನೋ ಸ್ಥೂಲವಾಗಿ ಅಷ್ಟೇ ಅಕ್ಷಾಂಶ. ಚಳ್ಳಕೆರೆಯ ಅಕ್ಷಾಂಶವು ಸುಮಾರು ೧೪ ಅಂಶ ೧೯ ಕಲೆ. ಅಲ್ಲಿಯ ಪಲಭೆಯು ಮೂರು ಅಂಗುಲಕ್ಕೆ ಕೂದಲೆಳೆಯಷ್ಟು ಹೆಚ್ಚು. ಬ್ರಹ್ಮಗಿರಿಯ ಅಕ್ಷಾಂಶವು ಸುಮಾರು ೧೪ ಅಂಶ ೪೯ ಕಲೆ. ದಕ್ಷಿಣೋತ್ತರವಾಗಿ ಸುಮಾರು ೫೫ ಕಿಲೋಮೀಟರು ದೂರವಿರುವ ಈ ಎರಡು ಸ್ಥಳಗಳ ಪಲಭೆಗಳಿಗೆ ಇರುವ ವ್ಯತ್ಯಾಸವು ಒಂದು ಅಂಗುಲದ ಒಂಬತ್ತನೆಯ ಒಂದು ಪಾಲು ಮಾತ್ರ. ಬಿಸಿಲಿನ ನೆರಳಿನ ಅಂಚೇ ಅಷ್ಟು ಮಸುಕಾಗಿರುವುದು. ಆದುದರಿಂದ ಶಂಕುವು ಪಂಚಾಂಗಕ್ಕೆ ಸಾಕಾಯಿತೇ ಹೊರತು ಬಯಲಿನಲ್ಲಿ ಒಂದು ಬಂಡೆಯನ್ನು ಹುಡುಕುವುದಕ್ಕೆ ಸಾಲದಾಯಿತು.

ಪೂರ್ವಪಶ್ಚಿಮದ ಅಳತೆ ಇನ್ನೂ ಕಷ್ಟ. ಲಂಕೆಯಿಂದ ಉಜ್ಜಯಿನಿಯ ಮೂಲಕ ಮೇರುವಿಗೆ ಹೋಗುವ ರೇಖೆಯನ್ನು ನಮ್ಮ ಜ್ಯೋತಿಷಿಗಳು ಮಧ್ಯರೇಖೆಯೆಂದು ಹಿಡಿದರು. ಚಳ್ಳಕೆರೆಯು ಆ ರೇಖೆಗೆ ಒಂದು ಅಂಶಕ್ಕೂ ಕಡಮೆಯಷ್ಟು ಪೂರ್ವದಲ್ಲಿದೆ. ಕಾಲದಲ್ಲಿ ಹೇಳುವುದಾದರೆ ಎಂಟೊಂಬತ್ತು ವಿಘಳಿಗೆಗಳ ದೇಶಾಂತರ. ಈ ಅಂತರವನ್ನು ತಿಳಿಯಬೇಕಾದರೆ ಎರಡು ಸ್ಥಳಗಳ ಕಾಲವನ್ನು ಏಕಕಾಲದಲ್ಲಿ ಹೋಲಿಸಬೇಕು. ಚಂದ್ರಗ್ರಹಣವೊಂದೇ ಅದಕ್ಕಿದ್ದ ಸಾಧನ. ಯೂರೋಪಿನಲ್ಲಿಯೂ ೧೮ ನೆಯ ಶತಮಾನದಲ್ಲಿ ಹ್ಯಾರಿಸನ್ ಎಂಬವನು ಹಡಗಿನ ಮೇಲೆ ಕೆಡದೆ ನಡೆಯುವ ಗಡಿಯಾರವನ್ನು ನಿರ್ಮಿಸಿದ ಮೇಲೆಯೇ ಸಮುದ್ರದಲ್ಲಿ ರೇಖಾಂಶವು ಸುಲಭವಾಯಿತು. ಸ್ಥಾನವನ್ನು ಅರಿಯುವ ವಿದ್ಯೆಯು ಕಾಲವನ್ನು ಅಳೆಯುವ ವಿದ್ಯೆಯನ್ನೇ ಅವಲಂಬಿಸಿದೆಯೆಂಬ ಈ ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ಯಂತ್ರದ ಮರ್ಮವು ತಾನಾಗಿ ತಿಳಿಯುವುದು.

೧೭೯೯ ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೆಯನ್ನು ಕೈಕೊಂಡನು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ೧೮೦೦ ರಲ್ಲಿ ಬೆಂಗಳೂರಿನ ಬಳಿ ಒಂದು ನೆಲಗೆರೆಯನ್ನು ಸರಪಳಿಯಿಂದ ಅಳೆದು, ೧೮೦೨ ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳ ಜಾಲವನ್ನು ಹರಡುತ್ತ ಹೋದನು. ಅವನ ದೊಡ್ಡ ಥಿಯೋಡೊಲೈಟ್ ಯಂತ್ರವು ಅರ್ಧ ಟನ್ನಿನಷ್ಟು ತೂಕದ್ದು. ಅದನ್ನು ಗುಡ್ಡಗಳ ತುದಿಗೆ ಆಳುಗಳು ಹೊತ್ತು ಏರಿಸಬೇಕಾಗಿತ್ತು. ಅವನ ತರುವಾಯ ಜಾರ್ಜ್ ಎವರೆಸ್ಟ್ ಆ ಕಾರ್ಯವನ್ನು ಹಿಮಾಲಯದ ತಪ್ಪಲಿನ ವರೆಗೆ ಮುಂದುವರಿಸಿ, ಭೂಮಿಯ ಆಕಾರಕ್ಕೆ ೧೮೩೦ ರಲ್ಲಿ ಒಂದು ಪ್ರಮಾಣವನ್ನು ಗೊತ್ತುಮಾಡಿದನು. ಭಾರತದ ಭೂಪಟಗಳೆಲ್ಲ ಬಹುಕಾಲ ಆ ಪ್ರಮಾಣದ ಮೇಲೆಯೇ ನಿಂತಿದ್ದವು. ಗ್ರಾಮಗಳ ಎಲ್ಲೆಗಳಲ್ಲಿ ಬಾಂದುಕಲ್ಲುಗಳು ನೆಡಲ್ಪಟ್ಟು, ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಂದಿತು. ಹುಣಿಸೆಯ ಮರದ ಸಾಕ್ಷ್ಯಕ್ಕೆ ಸಂಖ್ಯೆಯ ಸಾಕ್ಷ್ಯವು ಜೊತೆಯಾದುದು ಹೀಗೆ.

ಈ ಎರಡು ಸಾಕ್ಷ್ಯಗಳನ್ನು ಒಂದುಗೂಡಿಸಿದವರಲ್ಲಿ ರೈಸ್ ಅವರು ಪ್ರಮುಖರು. ಅವರ ‘ಎಪಿಗ್ರಾಫಿಯಾ ಕರ್ಣಾಟಿಕಾ’ ಗ್ರಂಥಮಾಲೆಯ ೧೧ ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಗೆ ಮೀಸಲಾದದ್ದು. ಶಾಸನಗಳನ್ನು ತಾಲ್ಲೂಕುವಾರಾಗಿ ಸಂಖ್ಯೆಯಿಟ್ಟು ಅಳವಡಿಸಿ, ಪ್ರತಿಯೊಂದಕ್ಕೂ ಯಾವ ಗ್ರಾಮದ ಯಾವ ಗುಡಿಯ ಬಳಿ, ಯಾವ ಹೊಲದಲ್ಲಿ, ಯಾವ ದಿಕ್ಕಿನಲ್ಲಿ ಕಲ್ಲು ಇದೆಯೆಂಬುದನ್ನು ತಲೆಬರೆಹದಲ್ಲಿ ಸೂಚಿಸುವುದು ಆ ಗ್ರಂಥಮಾಲೆಯ ಪದ್ಧತಿ. ಅದು ಕೂಡ ಒಂದು ಬಗೆಯ ಚಕ್ಕುಬಂದಿಯೇ. ಅಂದಿನಿಂದ ಈಚೆಗೆ ನೂರಿಪ್ಪತ್ತು ವರ್ಷಗಳು ಸಂದಿವೆ. ಅಷ್ಟರಲ್ಲಿ ಗುಡಿಗಳು ಜೀರ್ಣೋದ್ಧಾರವಾದವು, ಹೊಲಗಳು ಒಡೆಯರನ್ನು ಬದಲಿಸಿದವು, ರಸ್ತೆಗಳು ಅಗಲವಾದವು. ಕಲ್ಲು ಇರುವ ಸ್ಥಳವನ್ನು ಹೇಳುವ ಗುರುತುಗಳು ಒಂದೊಂದಾಗಿ ಸರಿದುಹೋಗುತ್ತಿವೆ.

ಇನ್ನು ಜಿ.ಪಿ.ಎಸ್. ಎಂಬುದರ ಕಥೆ. ಅಮೆರಿಕಾ ದೇಶದ ಸೇನೆಯು ೧೯೭೮ ರಲ್ಲಿ ಇದರ ಮೊದಲನೆಯ ಉಪಗ್ರಹವನ್ನು ಹಾರಿಸಿತು. ೧೯೯೫ ರಲ್ಲಿ ೨೪ ಉಪಗ್ರಹಗಳ ವ್ಯೂಹವು ಪೂರ್ಣವಾಯಿತು. ಇವು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ದಿನಕ್ಕೆ ಎರಡು ಸಲ ಭೂಪ್ರದಕ್ಷಿಣೆ ಮಾಡುತ್ತವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದ್ದು, ಈಗ ಇಷ್ಟು ಕಾಲವೆಂದು ಸಾರುತ್ತಲೇ ಇರುತ್ತದೆ. ಆ ಸಾರಿಕೆಯು ಬಂದು ತಲಪಲು ಹಿಡಿದ ಕಾಲದಿಂದ ಕೈಯಂತ್ರವು ದೂರವನ್ನು ಗುಣಿಸಿಕೊಳ್ಳುತ್ತದೆ. ಕೈಯಂತ್ರದಲ್ಲಿ ಪರಮಾಣು ಗಡಿಯಾರವಿಲ್ಲವಾದ ಕಾರಣ ಅದರ ಕಾಲವನ್ನೂ ತಿದ್ದಿಕೊಳ್ಳಲು ಕನಿಷ್ಠ ನಾಲ್ಕು ಉಪಗ್ರಹಗಳ ಧ್ವನಿ ಬೇಕು. ಗಡಿಯಾರವು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ಸ್ಥಾನವು ಸುಮಾರು ೩೦೦ ಮೀಟರು ತಪ್ಪುವುದು. ಗ್ರಹಣವನ್ನು ಕಾದು ದೇಶಾಂತರವನ್ನು ತಿಳಿಯುತ್ತಿದ್ದ ತತ್ತ್ವವೇ ಇದರದೂ. ಸೂಕ್ಷ್ಮತೆ ಮಾತ್ರ ಊಹೆಗೂ ಮೀರಿದ್ದು.

೧೯೮೩ ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕರ ವಿಮಾನವೊಂದು ರಷ್ಯನ್ನರ ಏಟಿಗೆ ಸಿಕ್ಕಿ ನಾಶವಾದ ಬಳಿಕ, ಈ ವ್ಯವಸ್ಥೆಯನ್ನು ಸಾರ್ವಜನಿಕರಿಗೂ ಕೊಡುವುದಾಗಿ ಅಮೆರಿಕಾ ಸರ್ಕಾರವು ಪ್ರಕಟಿಸಿತು. ಆದರೆ ಸಾಮಾನ್ಯರ ಯಂತ್ರಗಳಿಗೆ ನೂರು ಮೀಟರಿನಷ್ಟು ತಪ್ಪು ಬರುವಂತೆ ಬೇಕೆಂದೇ ಒಂದು ಕಲಬೆರಕೆಯನ್ನು ಸೇರಿಸಿದ್ದರು. ೨೦೦೦ ನೆಯ ಇಸವಿ ಮೇ ತಿಂಗಳ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮೇ ೩ ರಂದೇ ಆರೆಗಾನ್ ಪ್ರಾಂತದ ಡೇವ್ ಅಲ್ಮರ್ ಎಂಬವನು ಕಾಡಿನ ಬಳಿ ಒಂದು ಬಕೆಟ್ಟಿನಲ್ಲಿ ಕೆಲವು ಸಾಮಾನುಗಳನ್ನಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿ, ಸಾಧ್ಯವಾದವರು ಹುಡುಕಲೆಂದು ಸವಾಲು ಹಾಕಿದನು. ಜಿಯೋಕ್ಯಾಷಿಂಗ್ ಎಂದು ಲೋಕಪ್ರಸಿದ್ಧವಾದ ಕ್ರೀಡೆಯು ಹುಟ್ಟಿದ್ದು ಹೀಗೆ. ನಮ್ಮ ಮಾತಿನಲ್ಲಿ ಇದನ್ನು ನಿಕ್ಷೇಪಾನ್ವೇಷಣವೆನ್ನಬಹುದು. ನಿಕ್ಷೇಪದಲ್ಲಿ ಚಿನ್ನವಿಲ್ಲ, ಬಂದವರು ಹೆಸರು ಬರೆದು ಹೋಗುವ ಒಂದು ಚಿಕ್ಕ ಪುಸ್ತಕವಿರುತ್ತದೆ, ಅಷ್ಟೆ.

ಭಾರತವೂ ಈ ವಿಷಯದಲ್ಲಿ ಪರಾಧೀನವಾಗಿ ಉಳಿಯಲಿಲ್ಲ. ಜಿ.ಪಿ.ಎಸ್. ಕೊಡುವ ಸ್ಥಾನದ ತಪ್ಪುಗಳನ್ನು ತಿದ್ದುವ ಗಗನ್ ಎಂಬ ವ್ಯವಸ್ಥೆಯು ೨೦೧೫ ರ ವೇಳೆಗೆ ವಿಮಾನಗಳ ಇಳಿತಕ್ಕೆ ಒಪ್ಪಿಗೆ ಪಡೆಯಿತು. ನಾವಿಕ್ ಎಂಬ ಸ್ವದೇಶಿ ವ್ಯೂಹದ ಮೊದಲ ಉಪಗ್ರಹವು ೨೦೧೩ ರ ಜುಲೈಯಲ್ಲಿಯೂ ಏಳನೆಯದು ೨೦೧೬ ರ ಏಪ್ರಿಲ್‌ನಲ್ಲಿಯೂ ಮೇಲೇರಿದವು. ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಅದರ ನಿಯಂತ್ರಣ ಕೇಂದ್ರವಿದೆ. ಕೆಲವು ಉಪಗ್ರಹಗಳ ಗಡಿಯಾರಗಳು ಕೆಟ್ಟುದರಿಂದ ಈ ವ್ಯೂಹವು ತೊಂದರೆಗೆ ಒಳಗಾಯಿತು. ೨೦೨೩ ರಲ್ಲಿ ಸ್ವದೇಶದಲ್ಲಿಯೇ ಮಾಡಿದ ರುಬಿಡಿಯಂ ಗಡಿಯಾರವುಳ್ಳ ಉಪಗ್ರಹವನ್ನು ಕಳುಹಿಸಲಾಯಿತು. ಇಲ್ಲಿಯೂ ಗಡಿಯಾರವೇ ಮುಖ್ಯವೆಂಬುದು ಕಾಣುತ್ತದೆ.

ಈ ವಿದ್ಯೆಯು ಚಳ್ಳಕೆರೆಯ ಬಯಲಿಗೇ ಬಂದು ಮುಟ್ಟಿದುದು ಚರಿತ್ರೆಯ ವೈಚಿತ್ರ್ಯ. ಆ ತಾಲ್ಲೂಕಿನ ಕಾವಲ್ ಭೂಮಿಯಲ್ಲಿ ೨೦೧೭ ರಲ್ಲಿ ರಕ್ಷಣಾ ಸಂಶೋಧನ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವು ಉದ್ಘಾಟನೆಯಾಯಿತು. ಇಸ್ರೋ ಸಂಸ್ಥೆಯವರು ಪುನರುಪಯೋಗದ ವಿಮಾನಾಕೃತಿಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ದಾರಿ ಕಂಡುಕೊಂಡು ಓಡುಪಥದ ಮೇಲೆ ಇಳಿಯುವಂತೆ ೨೦೨೩ ರ ಏಪ್ರಿಲ್ ೨, ೨೦೨೪ ರ ಮಾರ್ಚ್ ೨೨ ಮತ್ತು ಜೂನ್ ೨೩ ರಂದು ಇಲ್ಲಿಯೇ ಪರೀಕ್ಷಿಸಿದರು. ಅದಕ್ಕೆ ದಾರಿ ತೋರಿದ ಸಾಧನಗಳಲ್ಲಿ ನಾವಿಕ್ ಸಹ ಒಂದು. ವಾಹನಕ್ಕೆ ಪುಷ್ಪಕವೆಂದು ಹೆಸರಿಟ್ಟರು. ಜಟಾಯುವು ಬಿದ್ದ ಸ್ಥಳವೆಂದು ಜನರು ಹೇಳುವ ಜಟಿಂಗ ರಾಮೇಶ್ವರದ ಬೆಟ್ಟವಿರುವ ಸೀಮೆಯಲ್ಲಿ ಈ ಹೆಸರಿನ ವಾಹನವು ಸುರಕ್ಷಿತವಾಗಿ ನೆಲಕ್ಕಿಳಿದುದನ್ನು ಕೇಳಿ ಹಿರಿಯರು ಮುಗುಳ್ನಗದೆ ಇರಲಾರರು.

ಬೆಟ್ಟ ಬಯಲುಗಳಲ್ಲಿ ನಡೆಯುವ ಹವ್ಯಾಸವುಳ್ಳವರು ಯಂತ್ರವನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳು ಕೆಲವುಂಟು. ಇಂದಿನ ಬಹುಪಾಲು ಚರವಾಣಿಗಳಲ್ಲಿ ಜಿ.ಪಿ.ಎಸ್. ಇರುವುದರಿಂದ ಊರಿನ ಸಮೀಪದ ತಿರುಗಾಟಕ್ಕೆ ಅದೇ ಸಾಕು. ದಿನವಿಡೀ ಬಿಸಿಲಿನಲ್ಲಿ ನಡೆಯುವವರಿಗೆ ಪ್ರತ್ಯೇಕವಾದ ಕೈಯಂತ್ರವು ಮೂರು ಕಾರಣಗಳಿಂದ ಮೇಲು. ಅದರ ಪರದೆಯು ಉರಿಬಿಸಿಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುವುದು. ಅದರ ಗುಂಡಿಗಳನ್ನು ಬೆವರಿದ ಕೈಯಿಂದಲೂ ಒತ್ತಬಹುದು. ಹಲವು ಮಾದರಿಗಳಿಗೆ ಹಳ್ಳಿಯ ಅಂಗಡಿಯಲ್ಲಿಯೂ ಸಿಕ್ಕುವ ಪೆನ್ಸಿಲ್ ಸೆಲ್ಲುಗಳೇ ಸಾಕು. ಒಂದೇ ದೇಶದ ವ್ಯೂಹವನ್ನು ನಂಬುವ ಯಂತ್ರಕ್ಕಿಂತ ಜಿ.ಪಿ.ಎಸ್., ರಷ್ಯದ ಗ್ಲೊನಾಸ್, ಯೂರೋಪಿನ ಗೆಲಿಲಿಯೋ, ನಮ್ಮ ನಾವಿಕ್ ಮೊದಲಾದ ಹಲವನ್ನು ಆಲಿಸುವುದು ಉತ್ತಮ. ಎರಡು ತರಂಗಗಳನ್ನು ಹಿಡಿಯುವ ಯಂತ್ರವು ಬಂಡೆಗಳ ನಡುವೆ ಕಡಮೆ ತಪ್ಪುವುದು. ಭೂಪಟವನ್ನು ಯಂತ್ರದೊಳಗೇ ತುಂಬಿಕೊಳ್ಳುವ ಅನುಕೂಲವಿರಬೇಕು. ಕಾವಲುಗಳ ನಡುವೆ ದೂರವಾಣಿಯ ಸಂಕೇತವನ್ನು ನೆಚ್ಚುವುದು ಸಲ್ಲದು. ಕಡೆಯದಾಗಿ, ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸುವ ಯಂತ್ರಗಳನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸ್ಥಾನವನ್ನು ಕೇಳಿಸಿಕೊಳ್ಳುವುದಷ್ಟೇ ಕೆಲಸವಾಗಿರುವ ಯಂತ್ರಕ್ಕೆ ಆ ಅಡ್ಡಿಯಿಲ್ಲ. ಹೊರದೇಶದಿಂದ ಬರುವ ಬಂಧುಗಳಿಗೆ ಈ ಭೇದವನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಉಪಯೋಗಿಸುವಾಗ ಆಗುವ ತಪ್ಪುಗಳಿಗೆ ಬಹುಮಟ್ಟಿಗೆ ಯಂತ್ರವು ಕಾರಣವಲ್ಲ. ಮೊದಲನೆಯದು ಬರೆಹದ ಕ್ರಮ. ಬ್ರಹ್ಮಗಿರಿಯ ಸ್ಥಾನವು ಸ್ಥೂಲವಾಗಿ ಉತ್ತರ ೧೪ ಅಂಶ ೪೯ ಕಲೆ, ಪೂರ್ವ ೭೬ ಅಂಶ ೪೮ ಕಲೆ. ಇದನ್ನು ಕಲೆಗಳೆಂದು ತಿಳಿಯದೆ ದಶಾಂಶವೆಂದು ಭಾವಿಸಿ ೧೪.೪೯, ೭೬.೪೮ ಎಂದು ಯಂತ್ರಕ್ಕೆ ಕೊಟ್ಟರೆ, ಅದು ಹುಡುಕುವವನನ್ನು ಸುಮಾರು ೫೦ ಕಿಲೋಮೀಟರು ನೈರೃತ್ಯಕ್ಕೆ, ನಾಯಕನಹಟ್ಟಿಯ ಕಡೆಯ ಬಯಲಿಗೆ ಕರೆದೊಯ್ಯುವುದು. ತಿಪ್ಪೇರುದ್ರಸ್ವಾಮಿಯ ದರ್ಶನವಾದೀತು, ಅಶೋಕನ ಲಿಪಿ ಸಿಕ್ಕಲಾರದು. ಒಂದು ಕಲೆಯು ಉತ್ತರದಕ್ಷಿಣದಲ್ಲಿ ಸುಮಾರು ೧,೮೪೦ ಮೀಟರು, ಒಂದು ವಿಕಲೆಯು ಸುಮಾರು ೩೦ ಮೀಟರು ಎಂಬ ಲೆಕ್ಕವು ಬಾಯಲ್ಲಿರಬೇಕು.

ಎರಡನೆಯದು ಭೂಪಟದ ಪ್ರಮಾಣ. ಯಂತ್ರಗಳು ೧೯೮೪ ರ ಲೋಕಪ್ರಮಾಣವನ್ನು ಅನುಸರಿಸುತ್ತವೆ. ಹಳೆಯ ಸರ್ವೆ ಪಟಗಳು ಎವರೆಸ್ಟನ ಪ್ರಮಾಣವನ್ನು ಅನುಸರಿಸಿದವು. ಹಳೆಯ ಪಟದಿಂದ ಎತ್ತಿಕೊಂಡ ಸಂಖ್ಯೆಯನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ಈ ಸೀಮೆಯಲ್ಲಿ ನೂರರಿಂದ ಇನ್ನೂರು ಮೀಟರು ತಪ್ಪುವುದು. ೨೦೦೫ ರ ರಾಷ್ಟ್ರೀಯ ಭೂಪಟ ನೀತಿಯ ಮೇಲೆ ಸಾರ್ವಜನಿಕರಿಗಾಗಿ ಹೊರಟ ಪಟಗಳು ಲೋಕಪ್ರಮಾಣದವು. ಯಾವ ಪಟವೆಂಬುದನ್ನು ಅದರ ಅಂಚಿನಲ್ಲಿ ಓದಿ, ಯಂತ್ರದಲ್ಲಿ ಅದಕ್ಕೆ ತಕ್ಕ ಪ್ರಮಾಣವನ್ನು ಆರಿಸಿಕೊಳ್ಳತಕ್ಕದ್ದು.

ಮೂರನೆಯದು, ಯಂತ್ರವು ತೋರಿಸುವ ಬಾಣ. ಅದು ನೇರವಾದ ಗೆರೆಯನ್ನು ತೋರಿಸುವುದೇ ಹೊರತು ದಾರಿಯನ್ನು ತೋರಿಸುವುದಿಲ್ಲ. ಎದುರಿಗೆ ಹಳ್ಳವಿದೆಯೋ, ಜಾಲಿಯ ಮೆಳೆಯಿದೆಯೋ, ಕರಡಿಗಳು ಮಲಗುವ ಬಂಡೆಯ ಸಂದಿದೆಯೋ ಅದಕ್ಕೆ ತಿಳಿಯದು. ಹೊರಡುವ ಮೊದಲು ಬಂಡಿ ನಿಲ್ಲಿಸಿದ ಸ್ಥಳವನ್ನು ಗುರುತು ಹಾಕಿಕೊಳ್ಳುವುದು, ನಡೆದ ಜಾಡನ್ನು ಯಂತ್ರವು ಬರೆದುಕೊಳ್ಳುವಂತೆ ಮಾಡಿ ಅದೇ ಜಾಡಿನಲ್ಲಿ ಮರಳುವುದು ಕ್ಷೇಮ. ಬಂಡೆಯ ಬುಡದಲ್ಲಿ ಉಪಗ್ರಹದ ಧ್ವನಿಯು ಬಂಡೆಗೆ ತಾಗಿ ಮಾರ್ದನಿಗೊಂಡು ಬರುವುದರಿಂದ ಸ್ಥಾನವು ಚಂಚಲವಾಗುವುದು. ಬಯಲಿಗೆ ಬಂದು ಎರಡು ನಿಮಿಷ ನಿಂತು ಮತ್ತೆ ನೋಡಬೇಕು. ಬೇಸಗೆಯಲ್ಲಿ ಹತ್ತು ಗಂಟೆಗೆ ಮೊದಲೇ ನಡಿಗೆಯನ್ನು ಮುಗಿಸುವುದು, ನೀರನ್ನು ಹೊತ್ತೇ ಹೋಗುವುದು, ಹೋಗುವ ಸ್ಥಳವನ್ನೂ ಮರಳುವ ವೇಳೆಯನ್ನೂ ಊರಲ್ಲಿ ಒಬ್ಬರಿಗೆ ಹೇಳಿರುವುದು, ಈ ಮೂರನ್ನೂ ಯಾವ ಯಂತ್ರವೂ ಮಾಡಿಕೊಡಲಾರದು. ಪಟದ ಮೇಲೆ ನೀಲಿಯಾಗಿ ಕಾಣುವ ಕೆರೆಯಲ್ಲಿ ನೀರಿದೆಯೇ, ಬೆಟ್ಟದ ದೊಣೆಯು ಬತ್ತಿದೆಯೇ ಎಂಬುದನ್ನು ಕುರಿಗಾಹಿಯನ್ನೇ ಕೇಳಬೇಕು.

ಕುರಿಗಾಹಿಯ ಮಾತಿನಿಂದ ಇನ್ನೊಂದು ಗಂಭೀರವಾದ ವಿಷಯಕ್ಕೆ ಬರಬೇಕಾಗುವುದು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನಿಂದ ಅಮೃತ ಮಹಲೆಂಬ ಹೆಸರು ಪಡೆದ ದನಗಳ ಇಲಾಖೆಗೆ ಮೀಸಲಾದ ಹುಲ್ಲುಗಾವಲುಗಳು ಈ ಸೀಮೆಯಲ್ಲಿ ವಿಶಾಲವಾಗಿದ್ದವು. ೨೦೧೦ ರ ಹಿಂದುಮುಂದಿನ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಇಂತಹ ಕಾವಲುಗಳಲ್ಲಿ ಸುಮಾರು ೧೦ ಸಾವಿರ ಎಕರೆಗಳು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಸ್ಥೆಗೂ ಇತರ ಉದ್ಯಮಗಳಿಗೂ ಮಂಜೂರಾದವು. ಗೋಡೆಗಳು ಎದ್ದವು, ತಲೆಮಾರುಗಳಿಂದ ದನ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಜಾಡುಗಳು ಮುಚ್ಚಿದವು, ವ್ಯಾಜ್ಯವು ಹಸಿರು ನ್ಯಾಯಾಧಿಕರಣದ ವರೆಗೂ ಹೋಗಿ ೨೦೧೪ ರಲ್ಲಿ ತೀರ್ಪಾಯಿತು. ಸಂಸ್ಥೆಗಳಿಂದ ದೇಶಕ್ಕಾಗುವ ಪ್ರಯೋಜನವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಸರ್ವೆ ನಂಬರಿನಲ್ಲಿ, ಆಕಾಶದಿಂದ ತೆಗೆದ ಚಿತ್ರದ ಮೇಲೆ ಆ ನೆಲವು ಖಾಲಿಯಾಗಿ ಕಾಣಿಸಿತು. ಕಂಬಳಿ ನೇಯುವವರ ಕುರಿಗಳು, ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು ಯಾವ ತಿಂಗಳು ಯಾವ ದಾರಿಯಲ್ಲಿ ಸಂಚರಿಸುತ್ತಿದ್ದರೆಂಬ ಚಕ್ಕುಬಂದಿಯು ಯಾರ ದಫ್ತರದಲ್ಲಿಯೂ ಸೇರಿರಲಿಲ್ಲ. ಇಸಿಲಕ್ಕೆ ಹೆಸರಿದ್ದು ಸ್ಥಾನವಿರಲಿಲ್ಲ. ಈ ಜಾಡುಗಳಿಗೆ ಸ್ಥಾನವಿದ್ದು ಬರೆದಿಟ್ಟ ಹೆಸರಿರಲಿಲ್ಲ. ಎರಡಕ್ಕೂ ನಷ್ಟವೇ ಪ್ರಾಪ್ತವಾಯಿತು.

ಇಂತಹ ನಷ್ಟವನ್ನು ತಡೆಯುವ ಶಕ್ತಿಯು ಇಂದು ಒಬ್ಬ ವಿದ್ಯಾರ್ಥಿಯ ಅಂಗೈಯಲ್ಲಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ ರಿಂದ ಆ ಪ್ರಾಂತದ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಅವುಗಳ ಮೂರು ಆಯಾಮದ ಪ್ರತಿಕೃತಿಗಳನ್ನು ಸಿದ್ಧಪಡಿಸಿ, ಅಕ್ಷಾಂಶ ರೇಖಾಂಶಗಳ ಸಹಿತ ಪ್ರಕಟಿಸುವ ಕಾರ್ಯವನ್ನು ಕೈಕೊಂಡಿದೆ. ಹಳೆಯ ಸಂಪುಟದ ತಲೆಬರೆಹವನ್ನು ಹಿಡಿದು ಹೊರಟು, ಊರಿನ ಹಿರಿಯರನ್ನು ವಿಚಾರಿಸಿ, ಪೊದೆಯನ್ನು ಸರಿಸಿ, ಕಲ್ಲನ್ನು ಕಾಣುವ ಈ ಅನ್ವೇಷಣದ ಮುಂದೆ ಬಕೆಟ್ಟನ್ನು ಹುಡುಕುವ ಕ್ರೀಡೆಯ ರುಚಿ ಹೆಚ್ಚೇನಲ್ಲ. ೧೧ ನೆಯ ಸಂಪುಟವನ್ನು ಮುಂದಿಟ್ಟುಕೊಂಡು ಚಳ್ಳಕೆರೆ, ಮೊಳಕಾಲ್ಮೂರುಗಳ ಶಾಲೆಗಳೂ ಸಾಹಿತ್ಯಾಸಕ್ತರೂ ಇದನ್ನೇ ಮಾಡಬಹುದು. ದೊಡ್ಡ ಸಂಸ್ಥೆಯನ್ನು ಕಾಯಬೇಕಾಗಿಲ್ಲ. ಒಂದು ಯಂತ್ರ, ಒಂದು ನೋಟುಪುಸ್ತಕ, ಒಂದು ರವಿವಾರದ ಮುಂಜಾನೆ ಸಾಕು.

ಇದಕ್ಕೆ ಕೆಲವು ಕಟ್ಟುಪಾಡುಗಳು ಅವಶ್ಯ. ಅಶೋಕನ ಲಿಪಿಗಳು ೧೯೫೮ ರ ಕಾಯಿದೆಯ ರಕ್ಷಣೆಗೆ ಒಳಪಟ್ಟ ಸ್ಮಾರಕಗಳು. ಅವುಗಳ ಬಳಿ ಏನನ್ನಾದರೂ ಹೂಳುವುದು, ಕಲ್ಲಿಗೆ ಬಣ್ಣ ಬಳಿಯುವುದು, ಹೆಸರು ಕೆತ್ತುವುದು ದಂಡಾರ್ಹವಾದದ್ದು. ಅಲ್ಲಿ ಕ್ರೀಡೆಯಾಡಬೇಕೆನ್ನುವವರು ಡಬ್ಬಿಯನ್ನಡಗಿಸದೆ, ಸ್ಥಳಕ್ಕೆ ಹೋದವರು ಮಾತ್ರ ಉತ್ತರ ಹೇಳಬಲ್ಲ ಒಂದು ಪ್ರಶ್ನೆಯನ್ನು ಇಡಬಹುದು. ಪರೀಕ್ಷಾ ಕ್ಷೇತ್ರದ ಗೋಡೆಗಳ ಬಳಿ ಯಂತ್ರವನ್ನು ಹಿಡಿದು ಸುತ್ತುವುದು ಕೂಡದು. ಇದೆಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು ನಿಧಿಗಳ್ಳರ ವಿಷಯದಲ್ಲಿ. ಶಾಸನವಿದ್ದಲ್ಲಿ ಕೊಪ್ಪರಿಗೆಯಿದೆಯೆಂಬ ಮೂಢನಂಬಿಕೆಯಿಂದ ಕಲ್ಲುಗಳನ್ನು ಕಿತ್ತು ಗುಡಿಗಳನ್ನು ಅಗೆಯುವವರು ಇನ್ನೂ ಇರುವರು. ಊರ ನಡುವೆ ನಿಂತ ಕಲ್ಲಿನ ಸ್ಥಾನವನ್ನು ಪ್ರಕಟಿಸಲು ಅಡ್ಡಿಯಿಲ್ಲ. ಒಂಟಿಯಾದ ಬಯಲ ಗುಡಿಯ ಸ್ಥಾನವನ್ನು ಮೊದಲು ಗ್ರಾಮದವರಿಗೂ ಪುರಾತತ್ತ್ವ ಇಲಾಖೆಗೂ ಒಪ್ಪಿಸಿ, ಕಾವಲಿನ ಏರ್ಪಾಡಾದ ಮೇಲೆ ಪ್ರಕಟಿಸುವುದು ವಿಹಿತ.

ದಾಖಲೆಯ ಕ್ರಮವು ಸರಳವಾಗಿರಲಿ. ಮೊದಲು ಯಂತ್ರದ ಸಂಖ್ಯೆ, ಅಂಶ ಕಲೆ ವಿಕಲೆಗಳಲ್ಲಿಯೋ ದಶಾಂಶದಲ್ಲಿಯೋ ಎಂಬ ಸೂಚನೆಯೊಡನೆ, ಯಾವ ಪ್ರಮಾಣವೆಂಬುದು, ಯಾವ ದಿನ ಅಳೆದದ್ದೆಂಬುದು. ಅದರ ಕೆಳಗೆ ನಾಲ್ಕು ದಿಕ್ಕಿನ ನೆರೆ: ಮೂಡಲು ಯಾರ ಹೊಲ, ತೆಂಕಲು ಯಾವ ಹಳ್ಳ, ಪಡುವಲು ಯಾವ ದನದ ದಾರಿ, ಬಡಗಲು ಯಾವ ಗುಡ್ಡ. ಅದರ ಕೆಳಗೆ ಆ ಸ್ಥಳವನ್ನು ಹಟ್ಟಿಯವರು ಕರೆಯುವ ಹೆಸರು, ಅವರ ಉಚ್ಚಾರಣೆಯಲ್ಲಿಯೇ. ಮುಂದೊಂದು ದಿನ ಹೊಲವು ಕೈ ಬದಲಾಯಿಸಿದರೂ ಸಂಖ್ಯೆಯು ಸ್ಥಳವನ್ನು ತೋರಿಸುವುದು. ಸಂಖ್ಯೆಯ ಒಂದು ಅಂಕೆಯು ತಪ್ಪಿ ಅಚ್ಚಾದರೂ ನೆರೆಯು ಅದನ್ನು ತಿದ್ದುವುದು. ಹಟ್ಟಿಗಳಲ್ಲಿ ಈ ಹೆಸರುಗಳನ್ನು ಬಲ್ಲ ಮುದುಕರು ಇನ್ನೂ ಇದ್ದಾರೆ. ಬರುವ ಬೇಸಗೆಯ ರಜದೊಳಗಾಗಿ ಪ್ರತಿಯೊಂದು ಹೋಬಳಿಯಿಂದಲೂ ಹತ್ತು ಸ್ಥಳಗಳ ಇಂತಹ ಪಟ್ಟಿಯನ್ನು ಓದುಗರು ಸಿದ್ಧಪಡಿಸಿದರೆ ಜಿಲ್ಲೆಯ ಚರಿತ್ರೆಗೆ ದೊಡ್ಡ ಉಪಕಾರವಾಗುವುದು.